ಚಾರ್ಜ್ ಆಗದ ಗಾಡಿ: ಆಲ್ಟರ್ನೇಟರ್ ದುರಸ್ತಿ ಮತ್ತು ಬೆಲ್ಟ್ ಬಿಗಿತ

ಹೊಸ ಬ್ಯಾಟರಿ ಹಾಕಿಸಿ ಎರಡು ತಿಂಗಳಾಗಿಲ್ಲ, ಬೆಳಿಗ್ಗೆ ಕೀಲಿ ತಿರುಗಿಸಿದರೆ ಟಕ್ ಎಂದು ಸದ್ದು ಮಾಡಿ ಗಾಡಿ ಸುಮ್ಮನಾಗುತ್ತದೆ. ಮೆಕ್ಯಾನಿಕ್ ‘ಡೈನಮೋ ಹೋಗಿದೆ’ ಎನ್ನುತ್ತಾರೆ. ಬದಲಿಸಲೇಬೇಕೇ? ಹಳೆಯ ಮಾರುತಿ 800, ಓಮ್ನಿ ಇಟ್ಟುಕೊಂಡಿರುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ ಇಡೀ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಆರಂಭದಲ್ಲೇ ಒಂದು ಮಾತು. ಮೆಕ್ಯಾನಿಕ್ ‘ಡೈನಮೋ’ ಎನ್ನುವುದು ಆಲ್ಟರ್ನೇಟರನ್ನೇ, ಅಂದರೆ ಎಂಜಿನ್ ಓಡುವಾಗ ವಿದ್ಯುತ್ ಹುಟ್ಟಿಸಿ ಬ್ಯಾಟರಿ ತುಂಬುವ ಯಂತ್ರವನ್ನು. ಅದು ಕೆಟ್ಟಿದೆ ಎಂಬ ತೀರ್ಪು ಬಹಳಷ್ಟು ಸಲ ಒಂದು ಅಳತೆಯನ್ನೂ ತೆಗೆದುಕೊಳ್ಳದೆ ಬಂದಿರುತ್ತದೆ. ಸಡಿಲವಾದ ಬೆಲ್ಟ್, ಕಿಲುಬು ಹಿಡಿದ ಬ್ಯಾಟರಿ ಟರ್ಮಿನಲ್, ತುಕ್ಕು ತಿಂದ ಅರ್ಥ್ ತಂತಿ, ಇವು ಮಾಡಿದ ತಪ್ಪಿಗೆ ಆಲ್ಟರ್ನೇಟರ್ ಶಿಕ್ಷೆ ಅನುಭವಿಸುತ್ತದೆ. ನನ್ನ ಓಮ್ನಿಗೇ ಒಂದು ಗ್ಯಾರೇಜಿನಲ್ಲಿ ವರ್ಷದೊಳಗೆ ಎರಡು ಬ್ಯಾಟರಿ ಹಾಕಿದ್ದರು. ದೋಷವಿದ್ದದ್ದು ಎಂಜಿನ್ನಿನಿಂದ ಗಾಡಿಯ ದೇಹಕ್ಕೆ ಹೋಗುವ ಅರ್ಥ್ ಪಟ್ಟಿಯಲ್ಲಿ. ಆದ್ದರಿಂದ ಈ ಲೇಖನದ ಮೊದಲ ಮೂರು ಹಂತಗಳನ್ನು ಹಾರಿಸಿ ನೇರವಾಗಿ ಸ್ಪ್ಯಾನರ್ ಹಿಡಿಯಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಇಲ್ಲಿ ವಿವರಿಸುತ್ತಿರುವುದು 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ನಿನ ಮಾರುತಿ 800 ಮತ್ತು ಓಮ್ನಿ ಗಾಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು. 800ರ ತಯಾರಿಕೆ 2014ರಲ್ಲಿ ನಿಂತಿತು, ಓಮ್ನಿಯದು 2019ರಲ್ಲಿ. ಆದರೂ ನಮ್ಮ ಊರುಗಳಲ್ಲಿ ಇವೆರಡೂ ಇನ್ನೂ ಧಾರಾಳವಾಗಿ ಓಡಾಡುತ್ತಿವೆ. ವಿ ಆಕಾರದ ಬೆಲ್ಟ್ ಇರುವ ಹಳೆಯ ಜೀಪು, ಟ್ರ್ಯಾಕ್ಟರುಗಳಿಗೂ ಕ್ರಮ ಇದೇ. ಅಳತೆಗಳನ್ನು ಮಾತ್ರ ಆಯಾ ಗಾಡಿಯ ಕೈಪಿಡಿಯಿಂದ ತೆಗೆದುಕೊಳ್ಳಿ. ಬೆಲ್ಟಿನ ಮೂಲಕವೇ ಎಂಜಿನ್ ಚಾಲೂ ಮಾಡುವ ಹೈಬ್ರಿಡ್ ಕಾರುಗಳ ಜನರೇಟರನ್ನು ಮಾತ್ರ ಮನೆಯಲ್ಲಿ ಬಿಚ್ಚಲು ಹೋಗಬೇಡಿ.

ಒಳಗೆ ಏನಿದೆ?

ಹಳೆಯ ಕಾಲದ ಗಾಡಿಗಳಲ್ಲಿ ನಿಜವಾಗಿಯೂ ಡೈನಮೋ ಇರುತ್ತಿತ್ತು. ಯಂತ್ರ ಬದಲಾಯಿತು, ಹೆಸರು ಉಳಿಯಿತು. ಆಲ್ಟರ್ನೇಟರಿನ ನಡುವೆ ತಿರುಗುವ ಭಾಗ ರೋಟರ್. ಅದು ತಂತಿ ಸುತ್ತಿದ ವಿದ್ಯುತ್ಕಾಂತ. ಅದಕ್ಕೆ ವಿದ್ಯುತ್ ತಲುಪಿಸುವುದು ಎರಡು ಕಾರ್ಬನ್ ಬ್ರಷ್‌ಗಳು. ಅವು ರೋಟರಿನ ತುದಿಯಲ್ಲಿರುವ ಸ್ಲಿಪ್ ರಿಂಗ್ ಎಂಬ ಎರಡು ತಾಮ್ರದ ಬಳೆಗಳನ್ನು ಒತ್ತಿಕೊಂಡಿರುತ್ತವೆ. ಸುತ್ತಲೂ ಅಲುಗಾಡದೆ ನಿಂತಿರುವುದು ಸ್ಟೇಟರ್. ಅದರ ಮೂರು ಸುರುಳಿಗಳಲ್ಲಿ ಎ.ಸಿ. ವಿದ್ಯುತ್, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್, ಹುಟ್ಟುತ್ತದೆ. ಡಯೋಡ್ ಪ್ಲೇಟ್ ಅದನ್ನು ಒಂದೇ ದಿಕ್ಕಿಗೆ ಹರಿಯುವ ಡಿ.ಸಿ.ಗೆ ತಿರುಗಿಸುತ್ತದೆ, ಡಯೋಡ್ ಎಂದರೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಾಗಿಲು ಎಂದುಕೊಳ್ಳಿ. ರೋಟರಿಗೆ ಎಷ್ಟು ವಿದ್ಯುತ್ ಹೋಗಬೇಕು ಎಂಬುದನ್ನು ಹಿಡಿತದಲ್ಲಿಡುವುದು ರೆಗ್ಯುಲೇಟರ್. ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಬೇಕಾಗುವ ಸಾಮಾನು

ಡಿಜಿಟಲ್ ಮಲ್ಟಿಮೀಟರ್ ಕಡ್ಡಾಯ. 10, 12, 14, 17ರ ಸ್ಪ್ಯಾನರುಗಳು, ಸಾಕೆಟ್ ಸೆಟ್, ಸ್ಕ್ರೂಡ್ರೈವರ್, ಗಟ್ಟಿ ಮರದ ಹಿಡಿ (ಹಳೆಯ ಸುತ್ತಿಗೆಯ ಕಾವು ಸಾಕು), ಉಕ್ಕಿನ ಸ್ಕೇಲು, 400ರ ನಯವಾದ ಎಮರಿ ಕಾಗದ, ತಂತಿಯ ಬ್ರಷ್, ಬಟ್ಟೆ ಚೂರು, ಬೆಸುಗೆ ಕಡ್ಡಿ (ಸೋಲ್ಡರಿಂಗ್ ಐರನ್) ಮತ್ತು ಸೀಸದ ತಂತಿ. ಬೇರಿಂಗ್ ಬದಲಿಸುವುದಾದರೆ ಅದನ್ನು ಎಳೆದು ತೆಗೆಯುವ ಪುಲ್ಲರ್ ಬೇಕು. ಅದನ್ನು ಕೊಳ್ಳುವ ಅಗತ್ಯವಿಲ್ಲ, ಪರಿಚಯದ ಗ್ಯಾರೇಜಿನಲ್ಲಿ ಕೇಳಿದರೆ ಕೊಡುತ್ತಾರೆ.

ಕೆಲಸಕ್ಕೆ ಕೂರುವ ಮುನ್ನ ಉಂಗುರ, ಬಳೆ, ಲೋಹದ ಪಟ್ಟಿಯ ಗಡಿಯಾರ ತೆಗೆದಿಡಿ. ಬ್ಯಾಟರಿಯ ಪ್ಲಸ್ ಮತ್ತು ಗಾಡಿಯ ದೇಹದ ನಡುವೆ ಉಂಗುರ ಸಿಕ್ಕಿಕೊಂಡರೆ ಅದು ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಬೆರಳು ಸುಡುತ್ತದೆ. ಎಂಜಿನ್ ಓಡುತ್ತಿರುವಾಗ ದುಪಟ್ಟಾ, ಸಡಿಲ ತೋಳು, ಪಂಚೆಯ ತುದಿ ಯಾವುದೂ ಬೆಲ್ಟಿನ ಹತ್ತಿರ ಹೋಗಬಾರದು.

ಹಂತ 1: ಎಂಜಿನ್ ಆರಿಸಿ, ಕಣ್ಣಿನಿಂದ ನೋಡಿ

ಕೀಲಿ ಜೇಬಿನಲ್ಲಿರಲಿ. ಮೊದಲು ಬ್ಯಾಟರಿ ಟರ್ಮಿನಲ್‌ಗಳು. ಹಸಿರು, ಬಿಳಿ ಪುಡಿ ಕಟ್ಟಿದ್ದರೆ ಬಿಸಿನೀರಿನಲ್ಲಿ ಅಡುಗೆ ಸೋಡಾ ಕಲಸಿ ತೊಳೆಯಿರಿ, ಒಣಗಿಸಿ, ತಂತಿಯ ಬ್ರಷ್‌ನಿಂದ ಉಜ್ಜಿ, ಬಿಗಿಮಾಡಿದ ಮೇಲೆ ವ್ಯಾಸಲೀನ್ ಸವರಿ. ಬಿಗಿಮಾಡಿದ ಕ್ಲ್ಯಾಂಪನ್ನು ಕೈಯಿಂದ ತಿರುಗಿಸಲು ಬಂದರೆ ಅದು ಬಿಗಿಯಾಗಿಲ್ಲ ಎಂದೇ ಅರ್ಥ.

ನಂತರ ಬೆಲ್ಟ್. ಈ ಎಂಜಿನ್ನಿನಲ್ಲಿ ಒಂದೇ ವಿ-ಬೆಲ್ಟ್ ಕ್ರ್ಯಾಂಕ್ ಪುಲ್ಲಿಯಿಂದ, ಅಂದರೆ ಎಂಜಿನ್ನೇ ತಿರುಗಿಸುವ ಗಾಲಿಯಿಂದ, ವಾಟರ್ ಪಂಪನ್ನೂ ಆಲ್ಟರ್ನೇಟರನ್ನೂ ತಿರುಗಿಸುತ್ತದೆ. ಫ್ಯಾನಿಗೆ ಬೇರೆ ಮೋಟರ್ ಇದ್ದರೂ ಜನ ಇದನ್ನು ಫ್ಯಾನ್ ಬೆಲ್ಟ್ ಎಂದೇ ಕರೆಯುತ್ತಾರೆ, ಅಂಗಡಿಯಲ್ಲಿಯೂ ಹಾಗೆಂದರೇ ಸಿಗುತ್ತದೆ. ಬೆಲ್ಟನ್ನು ಹೊರಗಿನಿಂದ ನೋಡಿ ಚೆನ್ನಾಗಿದೆ ಎನ್ನಬೇಡಿ. ಬೆರಳಿನಿಂದ ಹೊರಳಿಸಿ ಅದರ ಒಳಮೈ ಮತ್ತು ಎರಡು ಪಕ್ಕಗಳನ್ನು ನೋಡಿ. ಅಡ್ಡಲಾಗಿ ಬಿರುಕು ಬಿಟ್ಟಿದೆಯೇ, ನೂಲು ಎದ್ದಿದೆಯೇ, ಎಣ್ಣೆ ತಾಗಿ ಉಬ್ಬಿದೆಯೇ, ಪಕ್ಕಗಳು ಕನ್ನಡಿಯಂತೆ ಹೊಳೆಯುತ್ತಿವೆಯೇ? ಇವುಗಳಲ್ಲಿ ಒಂದಿದ್ದರೂ ಬೆಲ್ಟ್ ಬದಲಿಸಬೇಕು. ಹೊಳಪು ಬಂದ ಬೆಲ್ಟನ್ನು ಎಷ್ಟು ಬಿಗಿದರೂ ಅದು ಜಾರುತ್ತಲೇ ಇರುತ್ತದೆ.

ಪುಲ್ಲಿಯಲ್ಲಿ ಬೆಲ್ಟ್ ಕೂರುವ ತೋಡನ್ನೂ ನೋಡಿ. ವಿ-ಬೆಲ್ಟ್ ತನ್ನ ಎರಡು ಪಕ್ಕಗಳಿಂದ ಹಿಡಿಯಬೇಕೇ ಹೊರತು ತಳಕ್ಕೆ ತಾಗಬಾರದು. ತೋಡಿನ ತಳ ಹೊಳೆಯುತ್ತಿದ್ದರೆ ಬೆಲ್ಟ್ ಸವೆದು ಒಳಗಿಳಿದಿದೆ, ಇಲ್ಲವೇ ಅಗಲ ಕಡಿಮೆ ಇರುವ ತಪ್ಪು ಬೆಲ್ಟ್ ಹಾಕಿದ್ದಾರೆ, ಇಲ್ಲವೇ ಪುಲ್ಲಿಯೇ ಸವೆದಿದೆ.

ಇನ್ನು ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿ, ಎಂಜಿನ್ ಚಾಲೂ ಮಾಡಬೇಡಿ. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಹೊತ್ತಬೇಕು. ಹೊತ್ತದಿದ್ದರೆ ಬಲ್ಬ್, ಫ್ಯೂಸ್, ಆಲ್ಟರ್ನೇಟರಿನ ಹಿಂದಿನ ಸಣ್ಣ ಪ್ಲಗ್, ಸವೆದ ಬ್ರಷ್, ಈ ನಾಲ್ಕರಲ್ಲಿ ಒಂದು ಕಾರಣ. ಕೆಲವು ಬಗೆಯ ಆಲ್ಟರ್ನೇಟರುಗಳಿಗೆ ಆರಂಭದ ವಿದ್ಯುತ್ ಸಿಗುವುದೇ ಈ ಬಲ್ಬಿನ ಮೂಲಕ. ಬಲ್ಬ್ ಸುಟ್ಟುಹೋದರೆ ಒಳ್ಳೆಯ ಆಲ್ಟರ್ನೇಟರೂ ಕೆಲಸ ಆರಂಭಿಸದೆ ಇರಬಹುದು.

ಹಂತ 2: ಮೀಟರ್ ಹಿಡಿದು ಅಳೆಯಿರಿ

ಗಾಡಿ ಕೆಲವು ಗಂಟೆ ನಿಂತಿರಲಿ. ಮೀಟರನ್ನು ಡಿ.ಸಿ. 20 ವೋಲ್ಟ್‌ಗೆ ಇಟ್ಟು ಬ್ಯಾಟರಿಯ ಎರಡು ಕಂಬಗಳ ಮೇಲೆ ಮುಟ್ಟಿಸಿ. 12.6 ಬಂದರೆ ಬ್ಯಾಟರಿ ತುಂಬಿದೆ. 12.2 ಎಂದರೆ ಅರ್ಧ ಇಳಿದಿದೆ. 12ಕ್ಕಿಂತ ಕೆಳಗಿದ್ದರೆ ಮೊದಲು ಹೊರಗಿನ ಚಾರ್ಜರಿನಲ್ಲಿ ಪೂರ್ತಿ ಚಾರ್ಜ್ ಮಾಡಿಸಿ ತನ್ನಿ. ಇಳಿದ ಬ್ಯಾಟರಿ ಇಟ್ಟುಕೊಂಡು ಆಲ್ಟರ್ನೇಟರನ್ನು ಪರೀಕ್ಷಿಸಿದರೆ ಫಲಿತಾಂಶ ದಾರಿ ತಪ್ಪಿಸುತ್ತದೆ. ಸೆಲ್ಫ್ ಹೊಡೆಯುವಾಗ ಮೀಟರ್ ಸುಮಾರು 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಮೇಲೆಯೇ ಅನುಮಾನಪಡಬೇಕು.

ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದು ಅಳೆಯಿರಿ. 13.8ರಿಂದ 14.7ರ ನಡುವೆ ಇದ್ದರೆ ಚಾರ್ಜಿಂಗ್ ಸರಿಯಿದೆ. ಈಗ ಹೆಡ್‌ಲೈಟ್, ಬ್ಲೋಯರ್, ವೈಪರ್ ಎಲ್ಲವನ್ನೂ ಹಾಕಿ. ಆಗಲೂ 13.5ರ ಆಸುಪಾಸಿನಲ್ಲಿ ನಿಲ್ಲಬೇಕು. ನಿಂತ ಬ್ಯಾಟರಿಯ ವೋಲ್ಟ್‌ಗಿಂತ ಮೇಲೇರದಿದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಹಿಡಿತ ತಪ್ಪಿದೆ. ಅಂಥ ಗಾಡಿಯಲ್ಲಿ ಬ್ಯಾಟರಿಯ ನೀರು ಬೇಗ ಇಂಗುತ್ತದೆ, ಬಲ್ಬುಗಳು ಪದೇ ಪದೇ ಸುಡುತ್ತವೆ.

ಮೂರನೆಯದು ಡಯೋಡ್ ಪರೀಕ್ಷೆ. ಲೈಟುಗಳು ಉರಿಯುತ್ತಿರುವಾಗಲೇ ಮೀಟರನ್ನು ಎ.ಸಿ. ವೋಲ್ಟ್‌ಗೆ ತಿರುಗಿಸಿ ಬ್ಯಾಟರಿಯ ಮೇಲೆ ಅಳೆಯಿರಿ. 0.1, 0.2ರಷ್ಟಿದ್ದರೆ ಚಿಂತೆಯಿಲ್ಲ. 0.5 ದಾಟಿದರೆ ಒಂದಾದರೂ ಡಯೋಡ್ ಹೋಗಿದೆ ಎಂದು ಅನುಮಾನಿಸಿ. ಅಗ್ಗದ ಕೆಲವು ಮೀಟರುಗಳು ಎ.ಸಿ. ಅಳತೆಯಲ್ಲಿ 28, 30 ವೋಲ್ಟ್ ತೋರಿಸಿ ಗಾಬರಿ ಹುಟ್ಟಿಸುತ್ತವೆ. ಅದು ಮೀಟರಿನ ದೋಷ, ಡಿ.ಸಿ.ಯನ್ನು ಬೇರ್ಪಡಿಸಲು ಅದಕ್ಕೆ ಬರುವುದಿಲ್ಲ. ಅಂಥ ಮೀಟರಿನಿಂದ ಈ ಒಂದು ಪರೀಕ್ಷೆಯನ್ನು ಮಾಡಬೇಡಿ.

ಡಯೋಡ್ ಶಾರ್ಟ್ ಆಗಿದ್ದರೆ ಇನ್ನೊಂದು ಗುರುತು ಇದೆ. ರಾತ್ರಿಯೆಲ್ಲ ನಿಂತ ಗಾಡಿಯ ಆಲ್ಟರ್ನೇಟರನ್ನು ಬೆಳಿಗ್ಗೆ ಮುಟ್ಟಿದರೆ ಅದು ಬೆಚ್ಚಗಿರುತ್ತದೆ. ಎಂಜಿನ್ ಓಡದೆ ಬಿಸಿ ಎಲ್ಲಿಂದ ಬಂತು? ಬ್ಯಾಟರಿಯ ವಿದ್ಯುತ್ ಡಯೋಡಿನ ಮೂಲಕ ಹಿಂದಕ್ಕೆ ಸೋರಿದ್ದರಿಂದ.

ಇಲ್ಲಿ ಅತಿ ಮುಖ್ಯವಾದ ಎಚ್ಚರಿಕೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಕಿತ್ತು, ‘ಎಂಜಿನ್ ನಿಲ್ಲಲಿಲ್ಲ, ಡೈನಮೋ ಸರಿಯಿದೆ’ ಎಂದು ಹೇಳುವ ಪದ್ಧತಿ ನಮ್ಮಲ್ಲಿ ಎಲ್ಲೆಡೆ ಇದೆ. ದಯವಿಟ್ಟು ಯಾರಿಗೂ ಹಾಗೆ ಮಾಡಲು ಬಿಡಬೇಡಿ. ಬ್ಯಾಟರಿ ಇರುವವರೆಗೆ ಅದು ವೋಲ್ಟೇಜನ್ನು ಹದದಲ್ಲಿ ಹಿಡಿದಿರುತ್ತದೆ. ಅದನ್ನು ಹಠಾತ್ತನೆ ಕಿತ್ತರೆ ವೋಲ್ಟೇಜ್ ಕ್ಷಣಾರ್ಧದಲ್ಲಿ ಹತ್ತಾರು ವೋಲ್ಟ್‌ಗೆ ಜಿಗಿಯುತ್ತದೆ. ಡಯೋಡ್, ರೆಗ್ಯುಲೇಟರ್ ಸುಡಬಹುದು. ಫ್ಯುಯೆಲ್ ಇಂಜೆಕ್ಷನ್ ಇರುವ ಗಾಡಿಯಾದರೆ ಎಂಜಿನ್ನಿನ ಕಂಪ್ಯೂಟರೇ ಹೋಗಬಹುದು. ಸರಿಯಿದ್ದದ್ದು ಆ ಪರೀಕ್ಷೆಯಿಂದಲೇ ಕೆಡುತ್ತದೆ.

ಹಂತ 3: ತಂತಿಗಳ ಪರೀಕ್ಷೆ

ಎಂಜಿನ್ ಓಡುತ್ತಿರಲಿ, ಲೈಟುಗಳು ಉರಿಯುತ್ತಿರಲಿ. ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ಹಿಂದೆ ದಪ್ಪ ತಂತಿ ಸೇರುವ ಬಿ ಟರ್ಮಿನಲ್ಲಿಗೆ, ಇನ್ನೊಂದನ್ನು ಬ್ಯಾಟರಿಯ ಪ್ಲಸ್ಸಿಗೆ ಮುಟ್ಟಿಸಿ. ತಂತಿ ಸರಿಯಿದ್ದರೆ 0.3 ವೋಲ್ಟ್‌ಗಿಂತ ಕಡಿಮೆ ತೋರಿಸಬೇಕು. ಆಮೇಲೆ ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ಮೈನಸ್ಸಿಗೂ ಹಾಗೆಯೇ ಮುಟ್ಟಿಸಿ. ಇಲ್ಲಿ 0.2ಕ್ಕಿಂತ ಕಡಿಮೆ ಇರಬೇಕು. ಹೆಚ್ಚು ಬಂದರೆ ಆ ದಾರಿಯಲ್ಲಿ ಎಲ್ಲೋ ತುಕ್ಕು, ಸಡಿಲ ನಟ್, ಅರ್ಧ ಹರಿದ ತಂತಿ ಇದೆ. ಕರಾವಳಿಯ ಉಪ್ಪುಗಾಳಿಗೆ ನಿಲ್ಲುವ ಗಾಡಿಗಳಲ್ಲಿ ಅರ್ಥ್ ಪಟ್ಟಿಯ ಒಳಗೇ ತಾಮ್ರ ಹಸಿರಾಗಿ ಪುಡಿಯಾಗಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಮೀಟರಿಗೆ ಮಾತ್ರ ಕಾಣುತ್ತದೆ.

ಈ ಮೂರು ಹಂತಗಳಲ್ಲಿ ಬೆಲ್ಟ್, ಟರ್ಮಿನಲ್ ಅಥವಾ ತಂತಿಯ ದೋಷ ಸಿಕ್ಕಿತೆಂದರೆ ಅದನ್ನು ಸರಿಪಡಿಸಿ ನೇರವಾಗಿ ಬೆಲ್ಟಿನ ಹಂತಕ್ಕೆ (ಹಂತ 8) ಹೋಗಿ. ಬೆಲ್ಟ್, ಟರ್ಮಿನಲ್, ತಂತಿ ಎಲ್ಲ ಸರಿಯಿದ್ದೂ ಎರಡನೇ ಹಂತದ ಅಳತೆಗಳು ತಪ್ಪಿದ್ದರೆ ಅಥವಾ ಆಲ್ಟರ್ನೇಟರ್ ಗರಗರ ಸದ್ದು ಮಾಡುತ್ತಿದ್ದರೆ ಮಾತ್ರ ಅದನ್ನು ಇಳಿಸಿ.

ಹಂತ 4: ಆಲ್ಟರ್ನೇಟರ್ ಇಳಿಸುವುದು

ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ ಪಕ್ಕಕ್ಕೆ ಸರಿಸಿ. ಇದನ್ನು ಮರೆತವರೇ ಹೆಚ್ಚು. ಬಿ ಟರ್ಮಿನಲ್ಲಿಗೆ ಬ್ಯಾಟರಿಯಿಂದ ಸದಾ ವಿದ್ಯುತ್ ಬರುತ್ತಿರುತ್ತದೆ, ಕೀಲಿ ತೆಗೆದಿದ್ದರೂ ಬರುತ್ತದೆ. ಅಲ್ಲಿ ಸ್ಪ್ಯಾನರ್ ಹಾಕಿದಾಗ ಅದರ ಇನ್ನೊಂದು ತುದಿ ಎಂಜಿನ್ನಿಗೆ ತಾಗಿದರೆ ಕಿಡಿ ಸಿಡಿಯುತ್ತದೆ, ತಂತಿ ಸುಡುತ್ತದೆ.

ಓಮ್ನಿಯಲ್ಲಿ ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಸೀಟು ಎತ್ತಿದ ಮೇಲೂ ಕೆಲವು ಬೋಲ್ಟುಗಳಿಗೆ ಕೆಳಗಿನಿಂದ ಕೈ ಹಾಕಬೇಕಾಗುತ್ತದೆ. ಗಾಡಿ ಎತ್ತುವುದಾದರೆ ಜಾಕ್ ಒಂದನ್ನೇ ನಂಬಿ ಕೆಳಗೆ ತೂರಬೇಡಿ. ಗಟ್ಟಿಯಾದ ಸ್ಟ್ಯಾಂಡ್ ಕೊಡಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ.

ತಂತಿಗಳು ಎಲ್ಲಿದ್ದವು ಎಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಮೇಲೆ ಉದ್ದ ಸೀಳಿರುವ ಪಟ್ಟಿಯ ಬೋಲ್ಟ್, ಅಂದರೆ ಅಡ್ಜಸ್ಟಿಂಗ್ ಬೋಲ್ಟ್, ಮತ್ತು ಕೆಳಗಿನ ಉದ್ದ ಬೋಲ್ಟ್ ಎರಡನ್ನೂ ಸಡಿಲಿಸಿ. ಆಲ್ಟರ್ನೇಟರನ್ನು ಎಂಜಿನ್ನಿನ ಕಡೆಗೆ ತಳ್ಳಿದರೆ ಬೆಲ್ಟ್ ಸಡಿಲವಾಗಿ ತಾನಾಗಿ ಹೊರಬರುತ್ತದೆ. ತಂಪುಗಾಳಿಯ ಎ.ಸಿ. ಇರುವ ಗಾಡಿಯಲ್ಲಿ ಅದರ ಬೆಲ್ಟ್ ಅಡ್ಡ ಬಂದರೆ ಮೊದಲು ಅದನ್ನು ತೆಗೆಯಿರಿ. ತಂತಿಗಳನ್ನು ಬಿಡಿಸಿ, ಬೋಲ್ಟುಗಳನ್ನು ಪೂರ್ತಿ ಕಳಚಿ ಆಲ್ಟರ್ನೇಟರನ್ನು ಎರಡು ಕೈಯಲ್ಲಿ ಹಿಡಿದು ಹೊರತೆಗೆಯಿರಿ.

ಹಂತ 5: ಬಿಚ್ಚುವುದು

ಹೊರಮೈಯನ್ನು ಒಣ ಬ್ರಷ್‌ನಿಂದ ಸ್ವಚ್ಛಗೊಳಿಸಿ. ಪುಲ್ಲಿಯನ್ನು ಕೈಯಿಂದ ತಿರುಗಿಸಿ ಕಿವಿಗೊಡಿ. ಒರಟಾಗಿ ತಿರುಗಿದರೆ, ಮೇಲೆ ಕೆಳಗೆ ಅಲುಗಿದರೆ ಬೇರಿಂಗ್ ಹೋಗಿದೆ. ಪುಲ್ಲಿಯ ಕಡೆ ಇರುವ ಮುಂದಿನ ಮುಚ್ಚಳ, ನಡುವಿನ ಸ್ಟೇಟರ್, ಹಿಂದಿನ ಮುಚ್ಚಳ ಮೂರರ ಮೇಲೂ ಹಾಯುವಂತೆ ಒಂದು ಗೆರೆ ಎಳೆಯಿರಿ. ಮರಳಿ ಜೋಡಿಸುವಾಗ ಈ ಗೆರೆ ಕೂಡಿದರೆ ಬೋಲ್ಟಿನ ಕಿವಿಗಳು ಸರಿಯಾದ ಜಾಗಕ್ಕೆ ಬರುತ್ತವೆ.

ಪುಲ್ಲಿಯ ನಟ್ ಬಹಳ ಬಿಗಿಯಾಗಿರುತ್ತದೆ. ತಣ್ಣಗಾಗಿಸುವ ಫ್ಯಾನಿನ ರೆಕ್ಕೆಗೆ ಸ್ಕ್ರೂಡ್ರೈವರ್ ಕೊಟ್ಟು ತಡೆಹಿಡಿಯಬೇಡಿ, ರೆಕ್ಕೆ ಮುರಿಯುತ್ತದೆ. ಕತ್ತರಿಸಿದ ಹಳೆಯ ಬೆಲ್ಟೊಂದನ್ನು ಪುಲ್ಲಿಯ ತೋಡಿಗೆ ಸುತ್ತಿ, ಅದರ ಎರಡು ತುದಿಗಳನ್ನು ಪುಲ್ಲಿಯ ಪಕ್ಕದಲ್ಲೇ ವೈಸಿನಲ್ಲಿ ಬಿಗಿದರೆ ಪುಲ್ಲಿ ಅಲುಗದೆ ನಿಲ್ಲುತ್ತದೆ.

ಉದ್ದದ ಬೋಲ್ಟುಗಳನ್ನು ತೆಗೆದು, ಮುಂದಿನ ಮುಚ್ಚಳವೂ ರೋಟರೂ ಒಂದು ಕಡೆ, ಸ್ಟೇಟರೂ ಹಿಂದಿನ ಮುಚ್ಚಳವೂ ಇನ್ನೊಂದು ಕಡೆ ಬರುವಂತೆ ಬೇರ್ಪಡಿಸಿ. ಸಂದಿಯಲ್ಲಿ ಸ್ಕ್ರೂಡ್ರೈವರ್ ತೂರಿಸುವುದಾದರೆ ತುದಿ ಮಾತ್ರ, 2 ಮಿ.ಮೀ.ಗಿಂತ ಒಳಕ್ಕೆ ಬೇಡ. ಇನ್ನೂ ಒಳಗೆ ಹೋದರೆ ಸ್ಟೇಟರಿನ ತಂತಿಯ ವಾರ್ನಿಷ್ ಕೆತ್ತಿಹೋಗುತ್ತದೆ, ಆಮೇಲೆ ಅದು ಶಾರ್ಟ್ ಆಗುತ್ತದೆ. ಹಿಂದಿನ ಬೇರಿಂಗ್ ಕಚ್ಚಿಕೊಂಡಿದ್ದರೆ ಬಿಸಿಗಾಳಿಯಿಂದ ಹಿಂದಿನ ಮುಚ್ಚಳವನ್ನು ಹದವಾಗಿ ಕಾಯಿಸಿ. ಅಲ್ಯೂಮಿನಿಯಂ ಬೇಗ ಹಿಗ್ಗುತ್ತದೆ, ಹಿಡಿತ ಬಿಡುತ್ತದೆ. ಸುತ್ತಿಗೆ ಏಟು ಬೇಡ.

ಹಂತ 6: ಒಳಗಿನ ಪರೀಕ್ಷೆ

ಬ್ರಷ್: ಓಡಿ ಹಳೆಯದಾದ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಬ್ರಷ್ ಮೇಲೆ ಸವೆತದ ಗೆರೆ ಇದ್ದರೆ ಅಲ್ಲಿಗೆ ತಲುಪುವ ಮುನ್ನವೇ ಬದಲಿಸಿ. ಗೆರೆ ಕಾಣದಿದ್ದರೆ ಹೊಸ ಬ್ರಷ್‌ನ ಪಕ್ಕದಲ್ಲಿಟ್ಟು ನೋಡಿ, ಅರ್ಧ ಸವೆದಿದ್ದರೆ ಬದಲಿಸಬೇಕು. ನನ್ನ ಅಭಿಪ್ರಾಯದಲ್ಲಿ ಇಷ್ಟು ಕಷ್ಟಪಟ್ಟು ಬಿಚ್ಚಿದ ಮೇಲೆ ಅಳತೆಯ ಯೋಚನೆಯೇ ಬೇಡ, ಹೊಸದನ್ನೇ ಹಾಕಿ. ಇಡೀ ಆಲ್ಟರ್ನೇಟರಿನಲ್ಲಿ ಅತಿ ಕಡಿಮೆ ಬೆಲೆಯ ಭಾಗ ಅದು. ಬ್ರಷ್ ತನ್ನ ಗೂಡಿನಲ್ಲಿ ತಡೆಯಿಲ್ಲದೆ ಜಾರುತ್ತದೆಯೇ, ಸ್ಪ್ರಿಂಗ್ ಗಟ್ಟಿಯಾಗಿ ಒತ್ತುತ್ತದೆಯೇ ಎಂದೂ ನೋಡಿ.

ಸ್ಲಿಪ್ ರಿಂಗ್: ಕಪ್ಪಾಗಿದ್ದರೆ ಎಮರಿ ಕಾಗದದ ಪಟ್ಟಿಯನ್ನು ಸುತ್ತ ಹಿಡಿದು ರೋಟರನ್ನು ತಿರುಗಿಸುತ್ತಾ ಉಜ್ಜಿ. ಒಂದೇ ಕಡೆ ಉಜ್ಜಿದರೆ ಅಲ್ಲಿ ತಗ್ಗಾಗಿ ಬ್ರಷ್ ಕುಣಿಯುತ್ತದೆ. ಉಗುರಿಗೆ ಸಿಗುವಷ್ಟು ಆಳದ ಗೆರೆ ಬಿದ್ದಿದ್ದರೆ ಲೇತ್‌ನಲ್ಲಿ ಹೊಡೆಸಬೇಕು, ಇಲ್ಲವೇ ಬದಲಿಸಬೇಕು.

ರೋಟರ್: ಮೀಟರನ್ನು ಓಮ್ ಅಳತೆಗೆ ಇಟ್ಟು ಎರಡು ರಿಂಗುಗಳ ಮೇಲೆ ಮುಟ್ಟಿಸಿ. ಸಾಮಾನ್ಯವಾಗಿ 2ರಿಂದ 5 ಓಮ್ ಬರುತ್ತದೆ. ಏನೂ ತೋರಿಸದಿದ್ದರೆ ಒಳಗೆ ತಂತಿ ಕಡಿದಿದೆ, ಸೊನ್ನೆಯ ಹತ್ತಿರ ಬಂದರೆ ಶಾರ್ಟ್ ಆಗಿದೆ. ಅಳೆಯುವ ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಪರಸ್ಪರ ಮುಟ್ಟಿಸಿ, ಬರುವ ಅಂಕಿಯನ್ನು ಕಳೆಯಿರಿ. ಇಷ್ಟು ಸಣ್ಣ ಅಳತೆಯಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ. ರಿಂಗಿಗೂ ರೋಟರಿನ ಶಾಫ್ಟಿಗೂ ನಡುವೆ ಸಂಪರ್ಕ ಇರಲೇಕೂಡದು.

ಸ್ಟೇಟರ್: ಮೂರು ತುದಿಗಳಲ್ಲಿ ಯಾವ ಎರಡನ್ನು ಮುಟ್ಟಿದರೂ ಸಂಪರ್ಕ ಇರಬೇಕು, ಕಬ್ಬಿಣದ ಮೈಗೆ ಯಾವುದಕ್ಕೂ ಇರಬಾರದು. ಸುಟ್ಟ ವಾಸನೆ, ಒಂದು ಸುರುಳಿ ಮಾತ್ರ ಕಪ್ಪಾಗಿರುವುದು ಕಂಡರೆ ಮೀಟರ್ ಏನೇ ಹೇಳಲಿ, ಅದು ಕೆಟ್ಟಿದೆ. ಮರುಸುತ್ತಿಸುವ ಕೆಲಸವನ್ನು ವೈಂಡಿಂಗ್ ಅಂಗಡಿಗೆ ಬಿಡಿ.

ಡಯೋಡ್: ಸ್ಟೇಟರಿನ ತುದಿಗಳು ಡಯೋಡ್ ಪ್ಲೇಟಿಗೆ ಬೆಸೆದುಕೊಂಡಿರುತ್ತವೆ. ಅವನ್ನು ಬಿಡಿಸದೆ ಅಳೆದರೆ ಮೂರು ಸುರುಳಿಗಳ ಮೂಲಕ ಅಕ್ಕಪಕ್ಕದ ಡಯೋಡುಗಳೂ ಸೇರಿಕೊಂಡು ತಪ್ಪು ಉತ್ತರ ಬರುತ್ತದೆ. ಬೆಸುಗೆ ಬಿಡಿಸುವಾಗ ಡಯೋಡಿಗೂ ಬೆಸುಗೆಗೂ ನಡುವೆ ತಂತಿಯನ್ನು ಇಕ್ಕುಳದಿಂದ ಹಿಡಿದಿರಿ, ಬಿಸಿಯನ್ನು ಇಕ್ಕುಳ ಹೀರಿಕೊಳ್ಳುತ್ತದೆ. ಐದು ಸೆಕೆಂಡಿಗಿಂತ ಹೆಚ್ಚು ಕಾಲ ಕಡ್ಡಿ ಮುಟ್ಟಿಸಬೇಡಿ. ಆಮೇಲೆ ಮೀಟರನ್ನು ಡಯೋಡ್ ಗುರುತಿಗೆ ಇಟ್ಟು ಒಂದೊಂದನ್ನೇ ಅಳೆಯಿರಿ. ಒಂದು ದಿಕ್ಕಿನಲ್ಲಿ 0.4ರಿಂದ 0.7, ಕಡ್ಡಿ ಅದಲುಬದಲು ಮಾಡಿದರೆ ಏನೂ ಇಲ್ಲ. ಹೀಗೆ ದೊಡ್ಡ ಡಯೋಡುಗಳು ಆರು. ಕೆಲವದರಲ್ಲಿ ಇನ್ನೂ ಮೂರು ಸಣ್ಣವು ಇರುತ್ತವೆ. ಎರಡೂ ದಿಕ್ಕಿನಲ್ಲಿ ದಾಟಿದರೆ ಶಾರ್ಟ್, ಎರಡೂ ಕಡೆ ದಾಟದಿದ್ದರೆ ಕಡಿದಿದೆ. ಒಂದು ಹೋಗಿದ್ದರೂ ಇಡೀ ಪ್ಲೇಟ್ ಬದಲಿಸುವುದೇ ಜಾಣತನ.

ಬ್ರಷ್, ರೋಟರ್, ಸ್ಟೇಟರ್, ಡಯೋಡ್ ಎಲ್ಲವೂ ಸರಿಯಿದ್ದರೆ ಉಳಿಯುವುದು ರೆಗ್ಯುಲೇಟರ್. ಅದನ್ನು ಮನೆಯಲ್ಲಿ ಪೂರ್ತಿ ಪರೀಕ್ಷಿಸುವುದು ಕಷ್ಟ, ಬದಲಿಸಿ ನೋಡಬೇಕು.

ಹಂತ 7: ಬಿಡಿಭಾಗ ತರುವುದು, ಜೋಡಿಸುವುದು

ಒಂದೇ ಮಾದರಿಯ ಗಾಡಿಗೆ ಬೇರೆ ಬೇರೆ ಕಂಪನಿಗಳ ಆಲ್ಟರ್ನೇಟರ್ ಇರಬಹುದು. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ, ನಿಮ್ಮೂರಿನ ಅಂಗಡಿಗೇ ಹೋಗಿ, ಹಳೆಯ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬೇರಿಂಗ್ ಮೇಲೆ ಅದರ ಸಂಖ್ಯೆ ಕೆತ್ತಿರುತ್ತದೆ. ಅದೇ ಸಂಖ್ಯೆಯದನ್ನು, ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನು, ಗೊತ್ತಿರುವ ತಯಾರಕರದ್ದನ್ನೇ ಕೇಳಿ. ಹಳೆಯ ಬೇರಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಗ್ರೀಸ್ ತುಂಬಿ ಮತ್ತೆ ಹಾಕುವುದು ಕೆಲವೇ ತಿಂಗಳ ಮಾತು.

ಬೇರಿಂಗ್ ಕೂರಿಸುವ ನಿಯಮ ಒಂದೇ. ಶಾಫ್ಟಿನ ಮೇಲೆ ಕೂರಿಸುವಾಗ ಒಳಬಳೆಯನ್ನು ಒತ್ತಬೇಕು, ಮುಚ್ಚಳದೊಳಗೆ ಕೂರಿಸುವಾಗ ಹೊರಬಳೆಯನ್ನು ಒತ್ತಬೇಕು. ತಪ್ಪು ಬಳೆಗೆ ಹೊಡೆದರೆ ಏಟೆಲ್ಲ ಗುಂಡುಗಳ ಮೇಲೆ ಬಿದ್ದು ಹೊಸ ಬೇರಿಂಗ್ ಮೊದಲ ದಿನದಿಂದಲೇ ಗುಂಯ್‌ಗುಡುತ್ತದೆ. ಅಳತೆಗೆ ಸರಿಯಾದ ಸಾಕೆಟ್ ಇಟ್ಟು ವೈಸಿನಲ್ಲಿ ಮೆಲ್ಲಗೆ ಒತ್ತಿಸಿ.

ಜೋಡಿಸುವಾಗ ಎರಡು ಕಡೆ ಜನ ಎಡವುತ್ತಾರೆ. ಒಂದು, ಬ್ರಷ್‌ಗಳು ಸ್ಪ್ರಿಂಗಿನ ಒತ್ತಡಕ್ಕೆ ಹೊರಗೆ ಚಾಚಿಕೊಂಡಿರುವಾಗಲೇ ರೋಟರನ್ನು ತೂರಿಸಿ ಮುರಿದುಬಿಡುತ್ತಾರೆ. ಹಿಂದಿನ ಮುಚ್ಚಳದಲ್ಲಿ ಸಣ್ಣ ತೂತೊಂದು ಇರುತ್ತದೆ. ಬ್ರಷ್‌ಗಳನ್ನು ಒಳಕ್ಕೆ ಒತ್ತಿ ಹಿಡಿದು ಆ ತೂತಿನಿಂದ ನೇರ ಮಾಡಿದ ಪೇಪರ್ ಕ್ಲಿಪ್ಪಿನ ತಂತಿಯನ್ನು ತೂರಿಸಿ; ಎಲ್ಲವನ್ನೂ ಬಿಗಿಮಾಡಿದ ಮೇಲೆ ತಂತಿ ಎಳೆದುಬಿಡಿ. ಬ್ರಷ್‌ಗಳು ರಿಂಗಿನ ಮೇಲೆ ಟಕ್ಕೆಂದು ಕೂರುವುದು ಕೇಳಿಸುತ್ತದೆ. ಎರಡು, ಬಿ ಟರ್ಮಿನಲ್ಲಿನ ಬೋಲ್ಟಿಗೆ ಇರುವ ಇನ್ಸುಲೇಟರ್ ಬುಷ್ ಮತ್ತು ವಾಷರನ್ನು ಮರೆಯುತ್ತಾರೆ. ಅದಿಲ್ಲದೆ ಬ್ಯಾಟರಿ ಜೋಡಿಸಿದರೆ ಪ್ಲಸ್ ನೇರವಾಗಿ ಎಂಜಿನ್ನಿನ ಮೈಗೆ ಸೇರುತ್ತದೆ. ಗಾಡಿಗೆ ಏರಿಸುವ ಮುನ್ನ ಬಿ ಟರ್ಮಿನಲ್ಲಿಗೂ ಮೈಗೂ ನಡುವೆ ಮೀಟರಿನಿಂದ ಒಮ್ಮೆ ನೋಡಿ, ನೇರ ಸಂಪರ್ಕ ಇರಬಾರದು.

ಉದ್ದದ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ, ನಡುನಡುವೆ ಪುಲ್ಲಿಯನ್ನು ತಿರುಗಿಸುತ್ತಿರಿ. ಎಲ್ಲಿಯೂ ಉಜ್ಜದೆ ಹಗುರವಾಗಿ ತಿರುಗಬೇಕು.

ಹಂತ 8: ಬೆಲ್ಟ್ ಬಿಗಿತ

ಈ ಹಂತಕ್ಕೆ ಕೊಡಬೇಕಾದ ಗಮನವನ್ನು ನಮ್ಮಲ್ಲಿ ಕೊಡುವುದಿಲ್ಲ. ‘ಬಿಗಿ ಇದ್ದಷ್ಟೂ ಒಳ್ಳೆಯದು’ ಎಂಬ ನಂಬಿಕೆಯಿಂದ ಕಬ್ಬಿಣದ ಸಲಾಕೆ ಹಾಕಿ ಎಳೆದು ಬಿಗಿಯುತ್ತಾರೆ. ಅತಿ ಬಿಗಿಯಾದ ಬೆಲ್ಟ್ ಹಗಲೂ ರಾತ್ರಿ ಆಲ್ಟರ್ನೇಟರಿನ ಮುಂದಿನ ಬೇರಿಂಗನ್ನೂ ವಾಟರ್ ಪಂಪಿನ ಬೇರಿಂಗನ್ನೂ ಒಂದೇ ಪಕ್ಕಕ್ಕೆ ಎಳೆಯುತ್ತಿರುತ್ತದೆ. ಮೊದಲು ಸದ್ದು, ಆಮೇಲೆ ಪಂಪಿನಿಂದ ನೀರು ತೊಟ್ಟಿಕ್ಕುವುದು, ಕೊನೆಗೆ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಘಾಟಿ ಹತ್ತುವಾಗ ಎಂಜಿನ್ ಕುದಿಯುವುದು. ಸಡಿಲವಾದರೆ ಬೆಲ್ಟ್ ಜಾರುತ್ತದೆ: ಮಳೆಗಾಲದ ಬೆಳಿಗ್ಗೆ, ಹೆಡ್‌ಲೈಟ್ ಹಾಕಿದಾಗ ಕೀಚ್ ಎನ್ನುತ್ತದೆ, ಪುಲ್ಲಿ ಕೈ ಇಡಲಾಗದಷ್ಟು ಕಾಯುತ್ತದೆ, ಬ್ಯಾಟರಿ ತುಂಬುವುದಿಲ್ಲ. ಆಲ್ಟರ್ನೇಟರ್ ದುರಸ್ತಿ ಎಷ್ಟು ಚೆನ್ನಾಗಿ ಆಗಿದ್ದರೂ ಬೆಲ್ಟ್ ತಪ್ಪಿದರೆ ಶ್ರಮವೆಲ್ಲ ನೀರುಪಾಲು.

ಆಲ್ಟರ್ನೇಟರನ್ನು ಜಾಗದಲ್ಲಿ ಕೂರಿಸಿ ಎರಡೂ ಬೋಲ್ಟುಗಳನ್ನು ಬೆರಳಿನ ಬಿಗಿಯಲ್ಲಿ ಇರಿಸಿ. ಅದನ್ನು ಎಂಜಿನ್ನಿನ ಕಡೆ ಪೂರ್ತಿ ತಳ್ಳಿ ಬೆಲ್ಟ್ ತೊಡಿಸಿ. ಸ್ಕ್ರೂಡ್ರೈವರಿನಿಂದ ಮೀಟಿ ಪುಲ್ಲಿಯ ಅಂಚು ಹತ್ತಿಸಿದರೆ ಒಳಗಿನ ನೂಲು ಕಡಿಯುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಕೈಯಿಂದಲೇ ಬರದಿದ್ದರೆ ಬೆಲ್ಟಿನ ಅಳತೆ ತಪ್ಪಿದೆ. ಮೂರು ಪುಲ್ಲಿಗಳೂ ಒಂದೇ ಸಾಲಿನಲ್ಲಿವೆಯೇ ಎಂದು ಬೆಲ್ಟಿನ ಅಂಚಿಗೆ ಕಣ್ಣಿಟ್ಟು ನೋಡಿ.

ಮರದ ಕಾವನ್ನು ಎಂಜಿನ್ನಿಗೂ ಆಲ್ಟರ್ನೇಟರಿನ ಮುಂದಿನ ಮುಚ್ಚಳಕ್ಕೂ ನಡುವೆ ಇಟ್ಟು ಹದವಾಗಿ ಮೀಟಿ. ಹಿಂದಿನ ಮುಚ್ಚಳಕ್ಕೋ ನಡುವಿನ ಸ್ಟೇಟರಿಗೋ ಕೊಡಬೇಡಿ. ಹಿಂದಿನ ಅಲ್ಯೂಮಿನಿಯಂ ತೆಳುವಾಗಿದ್ದು ಬಿರುಕು ಬಿಡುತ್ತದೆ. ಬೆಲ್ಟ್ ಎಳೆದುಕೊಂಡಾಗ ಆ ಒತ್ತಡ ಬಿಡದೆ ಮೊದಲು ಮೇಲಿನ ಅಡ್ಜಸ್ಟಿಂಗ್ ಬೋಲ್ಟ್ ಬಿಗಿಯಿರಿ, ಆಮೇಲೆ ಕೆಳಗಿನದನ್ನು.

ಈಗ ಅಳತೆ. ಎರಡು ಪುಲ್ಲಿಗಳ ನಡುವೆ ಬೆಲ್ಟ್ ಅತಿ ಉದ್ದ ಹಾಯುವ ಜಾಗದ ಮಧ್ಯದಲ್ಲಿ ಹೆಬ್ಬೆರಳಿನಿಂದ ಸುಮಾರು 10 ಕೆ.ಜಿ. ಒತ್ತಡ ಕೊಟ್ಟಾಗ ಬೆಲ್ಟ್ 6ರಿಂದ 9 ಮಿ.ಮೀ. ಬಾಗಬೇಕು. ಹೊಸ ಬೆಲ್ಟ್ ಮುಂದೆ ಸ್ವಲ್ಪ ಹಿಗ್ಗುವುದರಿಂದ ಅದನ್ನು 5ರಿಂದ 7 ಮಿ.ಮೀ. ಮಾತ್ರ ಬಾಗುವಷ್ಟು ಬಿಗಿಯುವುದು ಸರಿ. ಉಕ್ಕಿನ ಸ್ಕೇಲನ್ನು ಎರಡು ಪುಲ್ಲಿಗಳ ಮೇಲೆ ಸೇತುವೆಯಂತೆ ಇಟ್ಟು, ಇನ್ನೊಂದು ಸ್ಕೇಲಿನಿಂದ ಬೆಲ್ಟ್ ಎಷ್ಟು ಕೆಳಗಿಳಿಯಿತು ಎಂದು ನೋಡಿ. ಟ್ರ್ಯಾಕ್ಟರಿನಲ್ಲಿ ಪುಲ್ಲಿಗಳ ಅಂತರ ಹೆಚ್ಚಿದ್ದರೆ ಬಾಗುವ ಅಳತೆಯೂ ಹೆಚ್ಚಿರುತ್ತದೆ, ಅದರ ಕೈಪಿಡಿಯನ್ನೇ ನೋಡಿ.

10 ಕೆ.ಜಿ. ಒತ್ತಡ ಎಂದರೆ ಎಷ್ಟು? ಮನೆಯಲ್ಲಿ ತೂಕ ನೋಡಿಕೊಳ್ಳುವ ಯಂತ್ರವಿದ್ದರೆ ಅದರ ಮೇಲೆ ಹೆಬ್ಬೆರಳಿನಿಂದ ಒತ್ತಿ, ಮುಳ್ಳು 10 ತೋರಿಸುವವರೆಗೆ. ನಾಲ್ಕೈದು ಸಲ ಮಾಡಿದರೆ ಕೈಗೆ ಅಂದಾಜು ಸಿಗುತ್ತದೆ. ಬಹುತೇಕ ಎಲ್ಲರೂ ಮೊದಲು ಇದಕ್ಕಿಂತ ಕಡಿಮೆ ಒತ್ತಿರುತ್ತಾರೆ, ಬೆಲ್ಟ್ ಸರಿಯಾಗಿ ಬಿಗಿದಿದೆ ಎಂದು ಮೋಸಹೋಗಿರುತ್ತಾರೆ.

ಕೀಚ್ ಸದ್ದು ನಿಲ್ಲಿಸಲು ಬೆಲ್ಟಿಗೆ ಸೋಪು, ಮೇಣ, ಎಣ್ಣೆ ಹಚ್ಚುವುದು ಬೇಡ. ಸದ್ದು ಅಡಗುತ್ತದೆ, ಜಾರುವುದು ಹೆಚ್ಚುತ್ತದೆ, ರಬ್ಬರ್ ಕೊಳೆಯುತ್ತದೆ.

ಹಂತ 9: ಓಡಿಸಿ ಮತ್ತೆ ನೋಡಿ

ಆಲ್ಟರ್ನೇಟರಿನ ತಂತಿಗಳನ್ನು ಫೋಟೋ ನೋಡಿ ಸೇರಿಸಿ, ಬಿ ಟರ್ಮಿನಲ್ಲಿನ ರಬ್ಬರ್ ಟೋಪಿ ಹಾಕಿ, ಬ್ಯಾಟರಿಯ ಮೈನಸ್ಸನ್ನು ಕೊನೆಯಲ್ಲಿ ಜೋಡಿಸಿ. ಪ್ಲಸ್ ಮೈನಸ್ ಅದಲುಬದಲಾದರೆ ಡಯೋಡುಗಳು ಆ ಕ್ಷಣವೇ ಹೋಗುತ್ತವೆ, ಎರಡು ಸಲ ನೋಡಿಯೇ ಕ್ಲ್ಯಾಂಪ್ ಇಡಿ. ಎಂಜಿನ್ ಚಾಲೂ ಮಾಡಿ: ಕೆಂಪು ದೀಪ ಪೂರ್ತಿ ಆರಬೇಕು. ಮಂದವಾಗಿ ಉರಿಯುತ್ತಲೇ ಇದ್ದರೆ ಡಯೋಡ್ ಅಥವಾ ಸಂಪರ್ಕದಲ್ಲಿ ಇನ್ನೂ ದೋಷವಿದೆ. ಎರಡನೇ ಹಂತದ ಅಳತೆಗಳನ್ನು ಮತ್ತೊಮ್ಮೆ ತೆಗೆದು ಬರೆದಿಟ್ಟುಕೊಳ್ಳಿ.

ಹೊಸ ಬೆಲ್ಟಾದರೆ 15 ನಿಮಿಷ ಓಡಿಸಿ, ಎಂಜಿನ್ ಆರಿಸಿ, ತಣಿದ ಮೇಲೆ ಬಿಗಿತವನ್ನು ಮತ್ತೆ ಅಳೆಯಿರಿ. ಸುಮಾರು 500 ಕಿ.ಮೀ. ಆದಾಗ ಇನ್ನೊಮ್ಮೆ. ಸರ್ವಿಸ್ ಸ್ಟೇಷನ್ನಿನಲ್ಲಿ ನೀರು ಹೊಡೆಸುವಾಗ ಆಲ್ಟರ್ನೇಟರಿನ ಕಡೆ ಪೈಪ್ ತಿರುಗಿಸದಂತೆ ಹೇಳಿ. ಟ್ರ್ಯಾಕ್ಟರ್ ಇರುವವರು ಕೆಸರುಗದ್ದೆ ಉಳುಮೆ ಮುಗಿದ ಮೇಲೆ ಪುಲ್ಲಿಯ ತೋಡಿನಲ್ಲಿ ಒಣಗಿದ ಮಣ್ಣನ್ನು ಕೆರೆದು ತೆಗೆಯಿರಿ, ಆ ಮಣ್ಣು ಬೆಲ್ಟಿನ ಪಕ್ಕಗಳನ್ನು ಎಮರಿ ಕಾಗದದಂತೆ ತಿನ್ನುತ್ತದೆ. ಗಾಡಿಯ ಮೇಲೆ ವೆಲ್ಡಿಂಗ್ ಮಾಡಿಸುವ ಮುನ್ನ ಬ್ಯಾಟರಿಯ ಎರಡೂ ತಂತಿಗಳನ್ನು, ಸಾಧ್ಯವಾದರೆ ಆಲ್ಟರ್ನೇಟರಿನ ಪ್ಲಗ್ಗನ್ನೂ ಬಿಡಿಸಿಡಿ.

ಬದಲಿಸಿದ ಹಳೆಯ ಬೆಲ್ಟಿನಲ್ಲಿ ಆಳದ ಬಿರುಕು ಇಲ್ಲದಿದ್ದರೆ ಬಿಸಾಡಬೇಡಿ. ಸುರುಳಿ ಸುತ್ತಿ 12 ಮತ್ತು 14ರ ಸ್ಪ್ಯಾನರಿನೊಂದಿಗೆ ಗಾಡಿಯಲ್ಲೇ ಇಟ್ಟುಕೊಳ್ಳಿ. ದಾರಿಯಲ್ಲಿ ಬೆಲ್ಟ್ ಕಡಿದರೆ ವಾಟರ್ ಪಂಪೂ ನಿಲ್ಲುವುದರಿಂದ ಗಾಡಿಯನ್ನು ಮುಂದಕ್ಕೆ ಓಡಿಸುವಂತಿಲ್ಲ. ಆ ಹಳೆಯ ಬೆಲ್ಟ್ ನಿಮ್ಮನ್ನು ಹತ್ತಿರದ ಊರು ಮುಟ್ಟಿಸುತ್ತದೆ.